ಹಗುರ ಇಟ್ಟಿಗೆಯ ಮನೆ: ಅಗ್ಗವಾಗುವುದೆಲ್ಲಿ, ತುಟ್ಟಿಯಾಗುವುದೆಲ್ಲಿ?

ವಿಶ್ವಾರಾಧ್ಯರ ಮಠದಿಂದ ಹೆಸರಾದ ಅಬ್ಬೆತುಮಕೂರು ಯಾದಗಿರಿ ನಗರಕ್ಕೆ ಸಮೀಪದ ಗ್ರಾಮ. ಈ ಸೀಮೆಯ ಹಳೆಯ ಮನೆಯೆಂದರೆ ಮೊಳ ದಪ್ಪದ ಕಲ್ಲುಗೋಡೆ, ತೊಲೆ-ಜಂತಿಗಳ ಮೇಲೆ ಹರಡಿದ ಮಣ್ಣಿನ ಮಾಳಿಗೆ, ಒಳಗೆ ಶಹಾಬಾದ್ ಪರ್ಸಿಯ ನೆಲ. ಕಲ್ಲು ಊರ ಮಗ್ಗುಲಲ್ಲೇ ದೊರೆಯುತ್ತಿತ್ತು, ಮಣ್ಣು ಹೊಲದಿಂದ ಬರುತ್ತಿತ್ತು, ದುಡಿಮೆ ಮನೆಮಂದಿಯದೇ ಆಗಿತ್ತು. ಇಂದು ಕಲ್ಲು ಒಡೆಯುವ ಕೂಲಿ, ಮರದ ಬೆಲೆ, ಮರಳಿನ ಅಭಾವ ಇವೆಲ್ಲವೂ ಸೇರಿ ಆ ಬಗೆಯ ಮನೆಯನ್ನು ಬಡವರ ಕೈಗೆ ನಿಲುಕದಂತೆ ಮಾಡಿವೆ. ಆ ಜಾಗಕ್ಕೆ ‘ಅಗ್ಗ, ತಂಪು, ಶೀಘ್ರ’ ಎಂಬ ಭರವಸೆಯೊಡನೆ ಗಾಳಿಗುಳ್ಳೆಯ ಹಗುರ ಕಾಂಕ್ರೀಟ್ ಇಟ್ಟಿಗೆ, ಅಂದರೆ ಎ.ಎ.ಸಿ. ಬ್ಲಾಕ್, ಬಂದಿದೆ. ಈ ಮೂರು ಭರವಸೆಗಳಲ್ಲಿ ಯಾವುದು ಎಷ್ಟು ನಿಜ ಎಂಬುದನ್ನು ಕಟ್ಟಿಸುವವರಿಗಿಂತ ಮೊದಲು ಮಾರುವವರು ತಿಳಿದಿರಬೇಕು. ಒಂದು ಕುಟುಂಬ ಬಾಳಿನಲ್ಲಿ ಒಮ್ಮೆ ಕಟ್ಟುವ ಮನೆಯಲ್ಲಿ ಬಿರುಕು ಬಿಟ್ಟರೆ, ಅದರೊಡನೆ ಒಡೆಯುವುದು ವರ್ತಕನ ಮೇಲಿನ ನಂಬಿಕೆ.

ವಸ್ತುವಿನ ಪರಿಚಯ

ಈ ಇಟ್ಟಿಗೆ ಹೊಸತೇನಲ್ಲ. 1920ರ ದಶಕದಲ್ಲಿ ಸ್ವೀಡನ್ನಿನ ಯೋಹಾನ್ ಆಕ್ಸೆಲ್ ಎರಿಕ್ಸನ್ ಇದನ್ನು ರೂಪಿಸಿದರು. ಮರದಂತೆ ಹಗುರವಾಗಿ ಶಾಖವನ್ನು ತಡೆಯುವ, ಆದರೆ ಮರದಂತೆ ಸುಡದ, ಕೊಳೆಯದ ವಸ್ತುವೊಂದು ಅಲ್ಲಿಗೆ ಬೇಕಾಗಿತ್ತು. 1929ರಲ್ಲಿ ಆ ದೇಶದಲ್ಲಿ ವಾಣಿಜ್ಯ ತಯಾರಿಕೆ ಆರಂಭವಾಯಿತು. ಭಾರತದಲ್ಲಿ 1970ರ ದಶಕದಲ್ಲಿ ಪುಣೆಯ ಬಿ.ಜಿ. ಶಿರ್ಕೆ ಸಮೂಹವು ‘ಸಿಪೊರೆಕ್ಸ್’ ಹೆಸರಿನಲ್ಲಿ ಇದನ್ನು ಬಳಕೆಗೆ ತಂದಿತು.

ಹಾರುಬೂದಿ, ಸುಣ್ಣ, ಸಿಮೆಂಟ್ ಮತ್ತು ಅಲ್ಪ ಪ್ರಮಾಣದ ಜಿಪ್ಸಂ ಇವುಗಳ ನೀರುಗಲಸಕ್ಕೆ ಚಿಟಿಕೆಯಷ್ಟು ಅಲ್ಯೂಮಿನಿಯಂ ಪುಡಿ ಬೆರೆಸುತ್ತಾರೆ. ಪುಡಿಯು ಸುಣ್ಣದೊಡನೆ ವರ್ತಿಸಿ ಜಲಜನಕ ಅನಿಲವನ್ನು ಹೊರಡಿಸುತ್ತದೆ. ಕಲಸವು ಇಡ್ಲಿಯ ಹಿಟ್ಟಿನಂತೆ ಉಬ್ಬುತ್ತದೆ. ಗಟ್ಟಿಯಾಗತೊಡಗಿದ ಮುದ್ದೆಯನ್ನು ತಂತಿಯಿಂದ ಅಳತೆಗೆ ಕತ್ತರಿಸಿ, ಆಟೋಕ್ಲೇವ್ ಎಂಬ ಉಕ್ಕಿನ ಕೊಳವೆಯೊಳಗೆ ಸುಮಾರು 180ರಿಂದ 190 ಡಿಗ್ರಿ ಸೆಲ್ಸಿಯಸ್ ಶಾಖದ ಒತ್ತಡದ ಹಬೆಯಲ್ಲಿ ಹಲವು ಗಂಟೆ ಬೇಯಿಸುತ್ತಾರೆ. ಇಟ್ಟಿಗೆಗೆ ಬಲ ಬರುವುದೂ ಮುಂದೆ ಕುಗ್ಗುವ ಸ್ವಭಾವ ತಗ್ಗುವುದೂ ಈ ಹಬೆಯಿಂದಲೇ.

ಕಚ್ಚಾ ಸಾಮಗ್ರಿಯ ದೃಷ್ಟಿಯಿಂದ ಯಾದಗಿರಿ ಸೀಮೆ ಅದೃಷ್ಟಶಾಲಿ. 1985ರಿಂದ ವಿದ್ಯುತ್ ಉತ್ಪಾದಿಸುತ್ತಿರುವ, 1,720 ಮೆಗಾವಾಟ್ ಸಾಮರ್ಥ್ಯದ ರಾಯಚೂರು ಶಾಖೋತ್ಪನ್ನ ಕೇಂದ್ರ ನೆರೆಯ ಶಕ್ತಿನಗರದಲ್ಲಿದೆ. ವಾಡಿ, ಮಳಖೇಡ, ಸೇಡಂ ಭಾಗದ ಸುಣ್ಣಕಲ್ಲು ಮತ್ತು ಸಿಮೆಂಟ್ ಕಾರ್ಖಾನೆಗಳು ಉತ್ತರಕ್ಕಿವೆ. ಬೂದಿ, ಸುಣ್ಣ, ಸಿಮೆಂಟ್ ಮೂರೂ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ದೊರೆಯುವ ಪ್ರದೇಶಗಳು ವಿರಳ.

ಒಂದು ಮನೆಯ ಲೆಕ್ಕ

ಮಾತಿಗಿಂತ ಲೆಕ್ಕ ಲೇಸು. 2016ರ ನವೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯು ಮನೆಗೆ ಕನಿಷ್ಠ 25 ಚದರ ಮೀಟರ್ ವಿಸ್ತೀರ್ಣವನ್ನೂ ಬಯಲುಸೀಮೆಗೆ 1.20 ಲಕ್ಷ ರೂಪಾಯಿ ನೆರವನ್ನೂ ನಿಗದಿಪಡಿಸಿತು. ಹೊರ ಅಳತೆ 6 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರದ ಗೋಡೆ, ಒಳಗೊಂದು ಅಡ್ಡಗೋಡೆ, ಹೊರಗೆ ಎರಡು ಬಾಗಿಲು, ಮೂರು ಕಿಟಕಿ ಇರುವ ಮನೆಯನ್ನು ಮಾದರಿಯಾಗಿ ತೆಗೆದುಕೊಳ್ಳಬಹುದು. ಅಂದರೆ ಮೂರು ಚದರಕ್ಕಿಂತ ತುಸು ಹೆಚ್ಚು.

ಬಾಗಿಲು ಕಿಟಕಿಗಳನ್ನು ಕಳೆದರೆ ಹೊರಗೋಡೆ ಸುಮಾರು 55 ಚದರ ಮೀಟರ್, ಅಡ್ಡಗೋಡೆ ಸುಮಾರು 12 ಚದರ ಮೀಟರ್. 600 ಮಿ.ಮೀ. ಉದ್ದ, 200 ಮಿ.ಮೀ. ಎತ್ತರದ ಬ್ಲಾಕ್ ಬಳಸಿದರೆ ಹೊರಗೋಡೆಗೆ 200 ಮಿ.ಮೀ. ದಪ್ಪದವು ಸುಮಾರು 460, ಅಡ್ಡಗೋಡೆಗೆ 100 ಮಿ.ಮೀ. ದಪ್ಪದವು ಸುಮಾರು 100 ಬೇಕು. ಒಡೆತ, ಕತ್ತರಿಕೆಗಳಿಗೆ ನೂರಕ್ಕೆ ಐದರಷ್ಟು ಸೇರಿಸಿಕೊಳ್ಳಬೇಕು. ಅದೇ ಗೋಡೆಯನ್ನು 230 ಮಿ.ಮೀ. ದಪ್ಪದಲ್ಲಿ ಸುಟ್ಟ ಇಟ್ಟಿಗೆಯಿಂದ ಕಟ್ಟಿದರೆ, ಮಾಡ್ಯುಲರ್ ಅಳತೆಯ ಇಟ್ಟಿಗೆ ಏಳು ಸಾವಿರದಷ್ಟು ಬೇಕಾಗುತ್ತದೆ.

ಗಾರೆಯ ಲೆಕ್ಕದಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಇಟ್ಟಿಗೆ ಗೋಡೆಯ ಕಾಲು ಭಾಗ ಗಾರೆಯೇ. ಈ ಮನೆಗೆ ಸುಮಾರು ಮೂರೂವರೆ ಘನ ಮೀಟರ್. ಬ್ಲಾಕುಗಳನ್ನು 10 ಮಿ.ಮೀ. ಸಂದಿಗಾರೆಯಲ್ಲಿ ಕಟ್ಟಿದರೆ ಸುಮಾರು 0.8 ಘನ ಮೀಟರ್ ಸಾಕು. ಒಂದಕ್ಕೆ ಆರರ ಗಾರೆಯಾದರೆ ಸಿಮೆಂಟ್ ಒಂದರಲ್ಲೇ ಹತ್ತು ಹನ್ನೆರಡು ಚೀಲ ಉಳಿಯುತ್ತದೆ; ಮರಳು ಮತ್ತು ಕ್ಯೂರಿಂಗ್ ನೀರಿನ ಉಳಿತಾಯ ಬೇರೆ. 3 ಮಿ.ಮೀ. ತೆಳುಸಂದಿಯ ಸಿದ್ಧ ಅಂಟುಗಾರೆಯಾದರೆ ಕಾಲು ಘನ ಮೀಟರ್ ಮಾತ್ರ. ಆದರೆ ಅಂಟಿನ ಬೆಲೆ ಹೆಚ್ಚು. ಗವಂಡಿಯ ಕೈ ಪಳಗಿರದಿದ್ದರೆ ಅದು ಪೋಲಾಗುವುದೂ ಹೆಚ್ಚು.

ಸಾಗಣೆಯನ್ನೂ ನೋಡಬೇಕು. ಈ ಮನೆಯ ಬ್ಲಾಕುಗಳ ಒಟ್ಟು ಗಾತ್ರ ಸುಮಾರು 12 ಘನ ಮೀಟರ್. ಕಾರ್ಖಾನೆಯಿಂದ ಹೊರಟಾಗಿನ ತೇವ ಸೇರಿ ಒಂಬತ್ತು ಟನ್ನಿನಷ್ಟು ತೂಗಬಹುದು; ಒಂದೇ ಲಾರಿಯಲ್ಲಿ ಬರುತ್ತದೆ. ಏಳು ಸಾವಿರ ಇಟ್ಟಿಗೆಗೆ ಅದರ ಎರಡರಷ್ಟು ತೂಕ. ಆದರೆ ಇಟ್ಟಿಗೆಯ ಭಟ್ಟಿ ಹತ್ತು ಕಿಲೋಮೀಟರಿನಲ್ಲಿದ್ದು ಬ್ಲಾಕಿನ ಘಟಕ ಇನ್ನೂರು ಕಿಲೋಮೀಟರ್ ದೂರವಿದ್ದರೆ ಲಾಭವೆಲ್ಲ ಬಾಡಿಗೆಗೇ ಹೋಗುತ್ತದೆ.

ಉಳಿತಾಯದ ಮಿತಿ

ಜಾಹೀರಾತುಗಳಲ್ಲಿ ಹೇಳದ ಒಂದು ಮಾತಿದೆ. ಹಗುರ ಗೋಡೆಯಿಂದ ಉಕ್ಕು ಉಳಿಯುತ್ತದೆ ಎಂಬುದು ಹಲವು ಅಂತಸ್ತಿನ, ಕಂಬ-ತೊಲೆಗಳ ಕಟ್ಟಡಕ್ಕೆ ಸಲ್ಲುವ ಮಾತು. ಗೋಡೆಯೇ ಚಾವಣಿಯನ್ನು ಹೊರುವ ಒಂದಂತಸ್ತಿನ ಮನೆಯಲ್ಲಿ ಉಳಿಸಲು ಕಂಬಗಳ ಉಕ್ಕೇ ಇರುವುದಿಲ್ಲ. ಬುನಾದಿ, ಚಾವಣಿ, ಬಾಗಿಲು, ಶೌಚಾಲಯಗಳ ಖರ್ಚು ಮೊದಲಿನಷ್ಟೇ. ಗೋಡೆಯ ವೆಚ್ಚ ಮನೆಯ ವೆಚ್ಚದ ಕಾಲು ಭಾಗವೆಂದು ಇಟ್ಟುಕೊಂಡರೆ, ಅದರಲ್ಲಿ ಐದನೇ ಒಂದು ಭಾಗ ಉಳಿದರೂ ಇಡೀ ಮನೆಯಲ್ಲಿ ಉಳಿಯುವುದು ನೂರಕ್ಕೆ ಐದು. ‘ಅರ್ಧ ಬೆಲೆಗೆ ಮನೆ’ ಎನ್ನುವವರ ಮಾತನ್ನು ನಂಬಲಾಗದು.

ಆದರೆ ಬೇರೊಂದು ಲಾಭ ಕಣ್ಣಿಗೆ ಕಾಣುತ್ತದೆ. ಇದೇ 6 ಮತ್ತು 5 ಮೀಟರಿನ ನಿವೇಶನದಲ್ಲಿ 450 ಮಿ.ಮೀ. ದಪ್ಪದ ಕಲ್ಲುಗೋಡೆ ಎಬ್ಬಿಸಿದರೆ ಒಳಗೆ ಉಳಿಯುವುದು ಸುಮಾರು 21 ಚದರ ಮೀಟರ್, 200 ಮಿ.ಮೀ. ಬ್ಲಾಕಿನಲ್ಲಿ ಸುಮಾರು 25.8. ಚಿಕ್ಕ ಮನೆಗೆ ಒಂದು ಅಡುಗೆ ಮೂಲೆಯಷ್ಟು ಜಾಗ ದಕ್ಕಿದಂತಾಯಿತು.

ತಂಪಿನ ಮಾತಿಗೂ ಮಿತಿಯುಂಟು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ, ಅಷ್ಟೇ ದಪ್ಪದ ಸುಟ್ಟ ಇಟ್ಟಿಗೆಗೆ ಹೋಲಿಸಿದರೆ ಬ್ಲಾಕ್ ಶಾಖವನ್ನು ಒಳಬಿಡುವುದು ಸುಮಾರು ಮೂರನೇ ಒಂದರಷ್ಟು ಮಾತ್ರ. ಆದರೆ ಒಂದಂತಸ್ತಿನ ಮನೆಗೆ ನಡುಹಗಲ ಬಿಸಿಲು ಬೀಳುವುದು ಮುಖ್ಯವಾಗಿ ಮೇಲಿನಿಂದ. ಬ್ಲಾಕಿನ ಗೋಡೆ ಎಬ್ಬಿಸಿ, ತಲೆಯ ಮೇಲೆ ಬರಿಯ ಕಾಂಕ್ರೀಟ್ ಹಲಗೆ ಹಾಕಿದರೆ ಹಳೆಯ ಮಣ್ಣಿನ ಮಾಳಿಗೆಯ ತಂಪು ಬಾರದು. ಚಾವಣಿಗೆ ಕನಿಷ್ಠ ಬಿಳಿಸುಣ್ಣದ ಲೇಪನವಾದರೂ ಬೇಕು.

ಎರೆನೆಲದ ಎಚ್ಚರಿಕೆ

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಎರೆಭೂಮಿ ಹೇರಳ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ನೆಲವದು. ಗೋಡೆ ಹಗುರವಾದ್ದರಿಂದ ಬುನಾದಿಯೂ ಹಗುರವಾಗಿರಲಿ ಎಂಬ ಸಲಹೆ ಇಲ್ಲಿ ಅಪಾಯಕಾರಿ. ಉಬ್ಬುವ ಮಣ್ಣು ಹಗುರ ಮನೆಯನ್ನು ಇನ್ನೂ ಸುಲಭವಾಗಿ ಮೇಲೆತ್ತುತ್ತದೆ. ಬ್ಲಾಕ್ ಬಾಗದೆ ಬಿರಿಯುತ್ತದೆ. ಎರೆಯನ್ನು ತೆಗೆದು ಗಟ್ಟಿ ನೆಲ ಮುಟ್ಟಿಸುವುದು, ಪಾಯದ ಮಟ್ಟದಲ್ಲಿಯೂ ಬಾಗಿಲ ಮೇಲಿನ ಮಟ್ಟದಲ್ಲಿಯೂ ಕಬ್ಬಿಣದ ಕಾಂಕ್ರೀಟ್ ಪಟ್ಟಿಯನ್ನು ಸುತ್ತಲೂ ಹಾಯಿಸುವುದು, ಗೋಡೆಯ ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳುವುದು ಇವು ಖರ್ಚು ಕಡಿತಗೊಳಿಸಬಾರದ ಕೆಲಸಗಳು. ಬ್ಲಾಕ್ ನೀರು ಹೀರುವ ವಸ್ತು; ಪಾಯದ ಮಟ್ಟಕ್ಕಿಂತ ಕೆಳಗೆ ಅದನ್ನು ಬಳಸಬಾರದು. ಅಲ್ಲಿ ಊರ ಕಲ್ಲಿಗೆ ಸಾಟಿಯಿಲ್ಲ. ಕೆಳಗೆ ಕಲ್ಲು, ಮೇಲೆ ಬ್ಲಾಕ್ ಎಂಬ ಜೋಡಿಯೇ ಈ ನೆಲಕ್ಕೆ ಹೊಂದುವಂಥದು.

ಗವಂಡಿಗಳ ಕೆಲಸವೂ ಬದಲಾಗಬೇಕು. ಸುಟ್ಟ ಇಟ್ಟಿಗೆಯಂತೆ ಬ್ಲಾಕನ್ನು ನೀರಿನಲ್ಲಿ ನೆನೆಹಾಕಬಾರದು, ಮೈಯನ್ನಷ್ಟೇ ತೇವಗೊಳಿಸಬೇಕು. ಕರಣೆಯಿಂದ ಒಡೆಯದೆ ಗರಗಸದಿಂದ ಕೊಯ್ಯಬೇಕು. ವಿದ್ಯುತ್ ಕೊಳವೆಗೆ ಸುತ್ತಿಗೆ ಉಳಿಯ ಬದಲು ಯಂತ್ರದಿಂದ ಗಾಡಿ ತೆಗೆಯಬೇಕು. ಸಿಮೆಂಟ್ ಹೆಚ್ಚಾದ ಗಿಲಾವು ಬಿರುಕಿಗೆ ಆಹ್ವಾನ. ಒಂದಕ್ಕೆ ಆರರ ಮೆತ್ತನೆಯ ಗಿಲಾವೇ ಸೂಕ್ತ. ಕಾಂಕ್ರೀಟ್ ಮತ್ತು ಬ್ಲಾಕ್ ಕೂಡುವೆಡೆ ಜಾಲರಿ ಹೊದಿಸಬೇಕು.

ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ

ಎ.ಎ.ಸಿ. ಘಟಕವೆಂದರೆ ಬಾಯ್ಲರ್, ಆಟೋಕ್ಲೇವ್, ಕತ್ತರಿಸುವ ಯಂತ್ರಗಳ ಭಾರಿ ಬಂಡವಾಳ. ದಿನವೂ ಮಾಲು ಹೋಗುವ ಮಾರುಕಟ್ಟೆ ಇಲ್ಲದೆ ಅದು ನಡೆಯದು. ಸಣ್ಣ ಉದ್ಯಮಿಗಳಿಗೆ ನಿಲುಕುವುದು ಹಬೆಯಿಲ್ಲದೆ ನೊರೆ ಬೆರೆಸಿ, ನೀರುಣಿಸಿ ಗಟ್ಟಿಗೊಳಿಸುವ ಸಿ.ಎಲ್.ಸಿ. ಬ್ಲಾಕ್. ಇದು ಯೋಗ್ಯ ಉದ್ಯಮವೇ. ಆದರೆ ಎರಡೂ ಒಂದೇ ಅಲ್ಲ. ಎ.ಎ.ಸಿ.ಗೆ ಐ.ಎಸ್. 2185ರ ಮೂರನೇ ಭಾಗ, ನೊರೆ ಬ್ಲಾಕಿಗೆ ನಾಲ್ಕನೇ ಭಾಗ ಅನ್ವಯ. ನೊರೆ ಬ್ಲಾಕ್ ಹೆಚ್ಚು ಕುಗ್ಗುವುದರಿಂದ ಸಾಕಷ್ಟು ದಿನ ಇಟ್ಟು ಮಾರಬೇಕು. ಒಂದರ ಹೆಸರಿನಲ್ಲಿ ಮತ್ತೊಂದನ್ನು ಮಾರಿದರೆ ಸತ್ಯವನ್ನು ಮುಂದೆ ಗೋಡೆಯೇ ಹೇಳುತ್ತದೆ.

ಕೊಳ್ಳುವಾಗ ಸಾಂದ್ರತೆಯನ್ನೂ ದರ್ಜೆಯನ್ನೂ ಬರಹದಲ್ಲಿ ಪಡೆಯಬೇಕು. ಘನ ಮೀಟರಿಗೆ 551ರಿಂದ 650 ಕಿಲೋ ಸಾಂದ್ರತೆಯ ಮೊದಲ ದರ್ಜೆಗೆ ಮಾನಕವು ಚದರ ಮಿಲಿಮೀಟರಿಗೆ 4 ನ್ಯೂಟನ್ ಬಲವನ್ನು ಕೇಳುತ್ತದೆ. ಒಂದಂತಸ್ತಿನ ಮನೆಯ ಹೊರೆಗೆ ಅದು ಸಾಲುತ್ತದೆ. ಮುಂದೆ ಮೇಲಂತಸ್ತು ಏರಿಸುವ ಯೋಚನೆಯಿದ್ದರೆ ಮೊದಲೇ ಎಂಜಿನಿಯರರಿಗೆ ತಿಳಿಸಬೇಕು.

ತೆರಿಗೆಯನ್ನೂ ಪರಿಶೀಲಿಸಿಕೊಳ್ಳಬೇಕು. ನೂರಕ್ಕೆ 50ಕ್ಕಿಂತ ಹೆಚ್ಚು ಹಾರುಬೂದಿಯುಳ್ಳ ಎ.ಎ.ಸಿ. ಬ್ಲಾಕಿಗೆ ಶೇಕಡಾ 12 ಎಂದು ಜಿ.ಎಸ್.ಟಿ. ಮಂಡಳಿ 2024ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿತ್ತು. 2025ರ ಸೆಪ್ಟೆಂಬರ್ 22ರಿಂದ ತೆರಿಗೆಯ ಹಂತಗಳು ಬದಲಾದವು. ಸಿಮೆಂಟಿನ ತೆರಿಗೆಯೂ 28ರಿಂದ 18ಕ್ಕೆ ಇಳಿಯಿತು. ಆದ್ದರಿಂದ ಹಳೆಯ ದರಪಟ್ಟಿಗಳ ಮೇಲೆ ಹೋಲಿಕೆ ಮಾಡುವುದು ಸಲ್ಲದು. ಬೂದಿಯ ಪ್ರಮಾಣದ ದಾಖಲೆಯನ್ನು ತಯಾರಕರಿಂದ ಪಡೆದಿರಿಸಿಕೊಳ್ಳುವುದು ಒಳಿತು.

ಗಿರಾಕಿಗೆ ದರ ಹೇಳುವಾಗ ‘ಒಂದು ಬ್ಲಾಕಿಗೆ ಇಷ್ಟು’ ಎನ್ನುವ ಬದಲು ಬ್ಲಾಕ್, ಬಾಡಿಗೆ, ಒಡೆತ, ಗಾರೆ, ಕೂಲಿ, ಗಿಲಾವು ಎಲ್ಲ ಸೇರಿ ‘ಒಂದು ಚದರ ಮೀಟರ್ ಗೋಡೆಗೆ ಇಷ್ಟು’ ಎಂದು ಹೇಳುವ ಪದ್ಧತಿ ಬೆಳೆಯಬೇಕು. ಒಂದೇ ಊರಿನ ನಾಲ್ಕೈದು ಮನೆಗಳ ಬೇಡಿಕೆಯನ್ನು ಕೂಡಿಸಿ ತುಂಬಿದ ಲಾರಿ ತರಿಸುವುದು, ಬ್ಲಾಕಿನೊಡನೆ ಗರಗಸ, ಜಾಲರಿಗಳನ್ನು ಒದಗಿಸುವುದು, ಗವಂಡಿಗಳಿಗೆ ಒಂದು ದಿನದ ತರಬೇತಿ ಏರ್ಪಡಿಸುವುದು ಇವು ಕಡಿಮೆ ಬಂಡವಾಳದ, ಬಾಳಿಕೆಯ ವ್ಯಾಪಾರ. ಕಟ್ಟಿಸುವವನ ಲೆಕ್ಕವನ್ನು ತನ್ನ ಲೆಕ್ಕವೆಂದು ಬಗೆಯುವ ವರ್ತಕನ ಅಂಗಡಿಗೆ ಆ ಊರಿನ ಎರಡನೆಯ ಮನೆಯೂ ಬರುತ್ತದೆ.