ಸವಾಲ್ ಹಾಕುವವನಿದ್ದರೇ ಜವಾಬ್!

ರಾತ್ರಿ ಒಂದೂವರೆ ಗಂಟೆ. ಮೂಡಲಗಿ ತಾಲ್ಲೂಕಿನ ಒಂದು ಹಳ್ಳಿಯ ಜಾತ್ರೆ. ಗುಡಿಯ ಮುಂದಿನ ಬಯಲಿನಲ್ಲಿ ಕಾಲಿಡಲು ಜಾಗವಿಲ್ಲ. ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಜನ, ಗುಡಿಯ ಕಟ್ಟೆಯ ಮೇಲೆ ಜನ, ಬೇವಿನ ಗಿಡದ ಟೊಂಗೆಯ ಮೇಲೂ ಜನ! ಯಾವ ತಾರೆ ಬಂದಿದ್ದಾರೆ ಅಂತೀರಾ? ಯಾವ ತಾರೆಯೂ ಇಲ್ಲ ಮಿತ್ರರೇ. ನಾಲ್ಕು ಹಲಗೆಯ ವೇದಿಕೆ, ಮೇಲೊಂದು ತಾಡಪಾಲು, ಎರಡು ಮೈಕು. ಎಡಕ್ಕೆ ರುಮಾಲು ಸುತ್ತಿದ ಗಂಡಸು, ಕೈಯಲ್ಲಿ ಡಪ್ಪು. ಬಲಕ್ಕೆ ಇಳಕಲ್ ಸೀರೆಯ ಹೆಂಗಸು, ಆಕೆಯ ಕೈಯಲ್ಲೂ ಡಪ್ಪು. ಹಿಂದೆ ತುಂತುಣಿ, ತಾಳ ಹಿಡಿದ ಹಿಮ್ಮೇಳದವರು.

ಗಂಡಸು ಒಂದು ಸವಾಲ್ ಎಸೆದ. ಬೀಜವಿಲ್ಲದೆ ಬೆಳೆ ಎಲ್ಲಿಂದ ಬಂತು ಹೇಳು ಎಂದು ಹಾಡಿನಲ್ಲೇ ಕೇಳಿ, ಡಪ್ಪು ಬಡಿದು ನಿಂತ. ಅರ್ಧ ಬಯಲು ಸಿಳ್ಳೆ! ಹೆಂಗಸು ನಕ್ಕಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆ ಬೀಜ ಬಿದ್ದದ್ದು ಯಾರ ಮಡಿಲಿಗೆ, ನಿನ್ನನ್ನು ಒಂಬತ್ತು ತಿಂಗಳು ಹೊತ್ತವರು ಯಾರು ಎಂದು ಅದೇ ಧಾಟಿಯಲ್ಲಿ, ಅದೇ ಪ್ರಾಸದಲ್ಲಿ ತಿರುಗಿಸಿ ಕೊಟ್ಟಳು ನೋಡಿ... ಉಳಿದರ್ಧ ಬಯಲು ಎದ್ದು ನಿಂತಿತು! ಎದ್ದವರಲ್ಲಿ ನಾನೂ ಒಬ್ಬ. ಕಿಸೆಯಲ್ಲಿದ್ದ ಐದು ನೂರು ರೂಪಾಯಿ ಆಯೇರ ಮಾಡಿದೆ. ಊರಿಗೆ ಹೋಗಲು ಬಸ್ಸಿನ ದುಡ್ಡೂ ಉಳಿಯಲಿಲ್ಲ!

ಆ ರಾತ್ರಿ ನಾನು ಕಳಕೊಂಡದ್ದು ಬರೀ ಐದು ನೂರು ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ.

ಹರದೇಶಿ - ನಾಗೇಶಿ

ಬೆಂಗಳೂರು, ಮೈಸೂರು ಕಡೆಯ ಓದುಗರಿಗಾಗಿ ಎರಡು ಮಾತು. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಲಾವಣಿ, ಗೀಗೀ ಪದಗಳಲ್ಲಿ ಎರಡು ಪಂಗಡ. ಗಂಡು ಹೆಚ್ಚು, ಶಿವನೇ ಮೊದಲು ಎಂದು ವಾದಿಸುವವರು ಹರದೇಶಿ. ಹೆಣ್ಣು ಹೆಚ್ಚು, ಶಕ್ತಿಯೇ ಮೊದಲು ಎನ್ನುವವರು ನಾಗೇಶಿ. ತುರಾಯಿ, ಕಲ್ಗಿ ಎಂದೂ ಇವಕ್ಕೆ ಹೆಸರುಂಟು. ತುಕನಗಿರಿ ಎಂಬ ಹಿಂದೂ ಸಾಧು, ಶಹಾಲಿ ಎಂಬ ಮುಸಲ್ಮಾನ ಫಕೀರ ಹೀಗೆ ಎದುರುಬದುರು ಹಾಡಿದಾಗ ಚಂದೇರಿಯ ರಾಜ ಮೆಚ್ಚಿ ಒಬ್ಬನಿಗೆ ತುರಾಯಿ, ಇನ್ನೊಬ್ಬನಿಗೆ ಕಲ್ಗಿ ಕೊಟ್ಟನೆಂದು ಕಥೆ. ಗಮನಿಸಿ, ರಾಜ ಇಬ್ಬರಿಗೂ ಕೊಟ್ಟ! ಒಬ್ಬನನ್ನು ಸೋಲಿಸಿ ಕಳಿಸಲಿಲ್ಲ.

ನಮ್ಮವರು ಇದಕ್ಕೆ 'ಹಾಡಕಿ' ಅನ್ನುತ್ತಾರೆ. ಜಾತ್ರೆಗೆ ಊರಿನ ಹಿರಿಯರು ಎರಡೂ ಮೇಳಕ್ಕೆ ವೀಳ್ಯ ಕೊಟ್ಟು ಕರೆಸುತ್ತಾರೆ. ರಾತ್ರಿ ಶುರುವಾದರೆ ಬೆಳಗಿನ ತನಕ ಸವಾಲ್, ಜವಾಬ್. ಪುರಾಣ ಗೊತ್ತಿರಬೇಕು, ಪ್ರಾಸ ಗೊತ್ತಿರಬೇಕು, ಎದುರಿನವನ ಗರ್ವ ಎಲ್ಲಿ ಮುರಿಯುತ್ತದೆ ಅನ್ನುವುದೂ ಗೊತ್ತಿರಬೇಕು. ನಿರ್ಮಾಪಕರಿಲ್ಲ, ನಿರ್ದೇಶಕರಿಲ್ಲ, ಕ್ಯಾಸೆಟ್ ಕಂಪನಿಯ ಯಜಮಾನರೂ ಇಲ್ಲ. ಗಂಟಲೇ ಬಂಡವಾಳ!

ಈ ಮಣ್ಣು ಸಾಮಾನ್ಯದ್ದಲ್ಲ ಮಿತ್ರರೇ. ಶ್ರೀಕೃಷ್ಣ ಪಾರಿಜಾತದ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮ ಇಲ್ಲಿಯವರೇ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಹುಡುಗನೊಬ್ಬ ಇಂಥವೇ ಹಾಡು, ಆಟ ಕೇಳುತ್ತ ಬೆಳೆದು, ನಾಟಕ ಬರೆದು, ಸಿನಿಮಾ ನಿರ್ದೇಶಿಸಿ, 2010ರ ಸಾಲಿನ ಜ್ಞಾನಪೀಠ ತಂದುಕೊಟ್ಟರು. ಹೌದು, ಚಂದ್ರಶೇಖರ ಕಂಬಾರರು! ಅವರ 'ಕಾಡು ಕುದುರೆ' ಚಿತ್ರಕ್ಕೆ ಹಾಡಿ ಶಿವಮೊಗ್ಗ ಸುಬ್ಬಣ್ಣನವರು ರಾಷ್ಟ್ರಪ್ರಶಸ್ತಿ ಪಡೆದದ್ದು ಚಿತ್ರರಸಿಕರಿಗೆ ಗೊತ್ತೇ ಇದೆ. ನಮ್ಮ ಜಾತ್ರೆಯ ಧಾಟಿ ದಿಲ್ಲಿಯವರೆಗೂ ಹೋಗಿ ಬಂದಿದೆ ಅಂದ ಹಾಗಾಯಿತು.

ಗೋಕಾಕದ ಅಂಗಡಿಯಲ್ಲಿ ಅಮೆರಿಕ

ಈಗ ನನ್ನ ದೋಸ್ತನ ವಿಷಯಕ್ಕೆ ಬರುತ್ತೇನೆ. ಹೆಸರು ಬೇಡ. ಗೋಕಾಕದಲ್ಲಿ ಅವನದೊಂದು ಚಿಕ್ಕ ಮೊಬೈಲ್ ಅಂಗಡಿ. ಮೊದಲು ಜನರ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುತ್ತಿದ್ದ, ಈಗ ಒಡೆದ ಗಾಜು ಹಾಕುತ್ತಾನೆ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟಾಗ ಮನೆಯಲ್ಲಿ ಎಲ್ಲರೂ ಬೈದರು. ಬೈಯದೆ ಸ್ಟೂಲು ಸರಿಸಿ "ಕುಂದರಲೇ, ಚಾ ಕುಡಿ" ಅಂದವನು ಇವನೊಬ್ಬನೇ.

ನಮ್ಮಿಬ್ಬರಿಗೂ ಹಾಡಕಿಯ ಹುಚ್ಚು ಹಿಡಿಸಿದವರು ಅವನ ಅಪ್ಪ. ಸಣ್ಣವರಿದ್ದಾಗ ಸೈಕಲ್ಲಿನ ಮುಂದೆ ಅವನನ್ನು, ಹಿಂದೆ ನನ್ನನ್ನು ಕೂರಿಸಿಕೊಂಡು ಜಾತ್ರೆ ಜಾತ್ರೆ ತಿರುಗಿಸಿದರು. ಅವರನ್ನು ನಾನು ಕಾಕಾ ಅನ್ನುತ್ತಿದ್ದೆ. ಅವನು ಹರದೇಶಿ ಆದ, ನಾನು ನಾಗೇಶಿ ಆದೆ. ಕಾಕಾ ಯಾವ ಕಡೆ? ಕೇಳಿದರೆ ನಗುತ್ತಿದ್ದರು, ಹೇಳುತ್ತಿರಲಿಲ್ಲ.

ಒಂದು ದಿನ ದೋಸ್ತ ಅಂಗಡಿಯಲ್ಲಿ ಹೆಡ್‌ಫೋನ್ ನನ್ನ ಕಿವಿಗೆ ಹಾಕಿದ. ಇಂಗ್ಲಿಷ್ ಹಾಡು. ಅರ್ಧ ಮಾತು, ಅರ್ಧ ಹಾಡು, ಕೆಳಗೆ ಎದೆ ನಡುಗಿಸುವ ತಾಳ.

"ಇದೇನಲೇ ಇದು?"

"ಔಟ್‌ಕಾಸ್ಟ್ ಅಂತ. ಇಬ್ಬರ ಜೋಡಿ. ಸರಿಯಾಗಿ ಕೇಳಲೇ, ಇದು ನಮ್ಮ ಹಾಡಕೀನ ಅಲ್ಲೇನು?"

ಅಮೆರಿಕದ ಅಟ್ಲಾಂಟಾ ಊರಿನ ಕರಿಯ ಹುಡುಗರಿಬ್ಬರು, ಆಂಡ್ರೆ ಮತ್ತು ಬಿಗ್ ಬಾಯ್. ಶಾಲೆಯ ಊಟದ ಹಾಲಿನಲ್ಲಿ ಪ್ರಾಸಕ್ಕೆ ಪ್ರಾಸ ಎಸೆದು ಸವಾಲ್ ಜವಾಬ್ ಮಾಡುತ್ತ ಬೆಳೆದವರು. ಎದುರಾಳಿಗಳಾಗುವ ಬದಲು ಜೋಡಿಯಾದರು. 1994ರಲ್ಲಿ ಮೊದಲ ಆಲ್ಬಂ. ಹಿಪ್‌ಹಾಪ್ ತಾಳಕ್ಕೆ ತಮ್ಮ ಕಡೆಯ ಸೋಲ್ ಸಂಗೀತದ ಎಳೆತ ಬೆರೆಸಿದರು. ಸೋಲ್ ಅಂದರೆ ಚರ್ಚಿನ ಭಜನೆಯಲ್ಲಿ ಹುಟ್ಟಿ ಪ್ರೀತಿ, ನೋವಿನ ಹಾಡಾಗಿ ಹೊರಬಂದ ಕರಿಯರ ಸಂಗೀತ. ಹಿಪ್‌ಹಾಪ್ ಹುಟ್ಟಿದ್ದು 1973ರ ಆಗಸ್ಟ್ 11ರಂದು ಅನ್ನುತ್ತಾರೆ. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯಲ್ಲಿ ಅಂದು ಕೂಲ್ ಹರ್ಕ್ ಎಂಬ ಹುಡುಗ ತಂಗಿಯ ಪಾರ್ಟಿಗೆ ರೆಕಾರ್ಡ್ ತಿರುಗಿಸಿದ್ದ. ಅಲ್ಲೂ ದುಡ್ಡಿಲ್ಲ, ಕಂಪನಿಯಿಲ್ಲ, ಮೈಕು ಮತ್ತು ಬಾಯಿ!

2003ರಲ್ಲಿ ಈ ಔಟ್‌ಕಾಸ್ಟ್ ಜೋಡಿ ಒಂದು ವಿಚಿತ್ರ ಮಾಡಿತು. ಇಬ್ಬರ ರುಚಿ ಬೇರೆಬೇರೆ ಆಗಿತ್ತು. ಜಗಳವಾಡಿ ಒಡೆಯುವ ಬದಲು ಅವನದೊಂದು ಡಿಸ್ಕು, ಇವನದೊಂದು ಡಿಸ್ಕು ಮಾಡಿ, ಎರಡನ್ನೂ ಒಂದೇ ಕವರಿನಲ್ಲಿ ಹಾಕಿ ಮಾರಿದರು. 2004ರಲ್ಲಿ ಅದಕ್ಕೆ ವರ್ಷದ ಶ್ರೇಷ್ಠ ಆಲ್ಬಂ ಎಂದು ಗ್ರ್ಯಾಮಿ ಬಂತು!

ಇದನ್ನು ನನಗೆ ಹೇಳಿದವನು ನನ್ನ ದೋಸ್ತ. ಆದರೆ ಕೇಳಿಸಿಕೊಂಡ ನಾನು ಏನು ಮಾಡಿದೆ?

ಆ ಕಪಾಳಮೋಕ್ಷ

ಮೊದಲು ಹೇಳಿದ ಮೂಡಲಗಿ ಕಡೆಯ ರಾತ್ರಿಗೆ ಮತ್ತೆ ಬನ್ನಿ. ನಾಗೇಶಿ ಅಕ್ಕ ಗೆದ್ದಳೆಂದು ನಾನು ಕುಣಿಯುತ್ತಿದ್ದೆ. ದೋಸ್ತನಿಗೆ ಹೊಟ್ಟೆ ಉರಿಯಿತು. "ಹೆಂಗಸಿಗೆ ಇಷ್ಟು ಬಾಯಿ ಯಾಕ ಬೇಕಲೇ?" ಅಂದ. ಮಾತು ತಪ್ಪೇ. ಒಪ್ಪುತ್ತೇನೆ. ಆದರೆ ನಾನು ಜವಾಬ್ ಕೊಡಲಿಲ್ಲ. ಸಾವಿರ ಜನರ ಮುಂದೆ ಕಪಾಳಕ್ಕೆ ಬಾರಿಸಿದೆ. ವೇದಿಕೆಯ ಮೇಲೆ ಅವರಿಬ್ಬರು ಬಾಯಲ್ಲಿ ಮಾಡುತ್ತಿದ್ದುದನ್ನು ಕೆಳಗೆ ನಾನು ಕೈಯಲ್ಲಿ ಮಾಡಿದೆ!

ಎರಡು ವರ್ಷ ಮಾತಿಲ್ಲ. ಅವನ ಅಂಗಡಿಯ ಮುಂದೆ ಹಾಯಬೇಕಾದರೆ ಆಚೆ ಬದಿಯಿಂದ ಹೋಗುತ್ತಿದ್ದೆ. ಆ ನಡುವೆ ಕಾಕಾ ತೀರಿಕೊಂಡರು. ಸುದ್ದಿ ಬಂದಾಗ ನಾನು ಬೆಳಗಾವಿಯಲ್ಲಿದ್ದೆ, ಎರಡು ತಾಸಿನ ದಾರಿ. ನಾನು ಮಣ್ಣಿಗೆ ಹೋಗಲಿಲ್ಲ. ಅವನ ಮುಖ ನೋಡಬೇಕಲ್ಲ ಅಂತ ಹೋಗಲಿಲ್ಲ. ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೋದವರಿಗೆ ಒಂದು ಹಿಡಿ ಮಣ್ಣು ಹಾಕಲಿಲ್ಲ.

ಇದು ಅಭಿಮಾನವೇ? ನೀವೇ ಹೇಳಿ.

ಹುಕ್ಕೇರಿಯ ಬೆಳಗು

ಈ ವರ್ಷ ಹುಕ್ಕೇರಿ ಕಡೆ ಅದೇ ಎರಡು ಮೇಳ ಹಾಡುತ್ತವೆಂದು ತಿಳಿದು ಒಬ್ಬನೇ ಹೋದೆ. ಅಂದು ಹರದೇಶಿಯವರು ಮೇಲುಗೈ. ನಾಗೇಶಿ ಅಕ್ಕನನ್ನು ಮೂರು ಸಲ ಕಟ್ಟಿಹಾಕಿದರು. ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು ನನಗೆ. ಬೆಳಕು ಹರಿಯುವ ಹೊತ್ತಿಗೆ ಎರಡೂ ಮೇಳ ಸೇರಿ ಮಂಗಳ ಹಾಡಿದವು.

ಬೆಳಿಗ್ಗೆ ಬಸ್ಸಿಗೆಂದು ನಿಂತಿದ್ದೆ. ಚಹದಂಗಡಿಯ ಮುಂದೆ ಒಂದು ಕ್ರೂಸರ್ ಗಾಡಿ. ಒಳಗೆ ನೋಡುತ್ತೇನೆ, ಎರಡೂ ಮೇಳ ಒಂದೇ ಗಾಡಿಯಲ್ಲಿ! ಹರದೇಶಿಯವರು ನಾಗೇಶಿ ಅಕ್ಕನ ಡಪ್ಪನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದಾರೆ. ಆಕೆ ಬುತ್ತಿ ಬಿಚ್ಚಿ ಅವರ ಕೈಗೆ ರೊಟ್ಟಿ, ಶೇಂಗಾ ಚಟ್ನಿ ಹಾಕುತ್ತಿದ್ದಾಳೆ. ನನಗೆ ತಲೆ ತಿರುಗಿತು.

"ಅಕ್ಕಾರ, ರಾತ್ರಿ ಅವರು ನಿಮ್ಮನ್ನ ಅಷ್ಟು ಅಂದರಲ್ಲರೀ... ಸಿಟ್ಟು ಬರಲಿಲ್ಲೇನ್ರೀ?"

ಆಕೆ ನಕ್ಕಳು. "ಯಾಕ ಸಿಟ್ಟು ತಮ್ಮಾ? ಅವರು ಸವಾಲ್ ಹಾಕದಿದ್ದರ ನಾ ಜವಾಬ್ ಯಾರಿಗಿ ಕೊಡ್ಲಿ? ಒಂದು ವರ್ಷ ಇವರ ಗಂಟಲು ಕೆಟ್ಟು ನಾಕು ತಿಂಗಳ ಹಾಡಲಿಲ್ಲ. ನನ್ನ ಗಂಟಲು ಗಟ್ಟಿಮುಟ್ಟ ಇತ್ತು. ಆದರ ನನಗೂ ವೀಳ್ಯ ಬರಲಿಲ್ಲ. ಒಬ್ಬಾಕಿ ಹಾಡಿದರ ಯಾರ್ ಕೇಳ್ತಾರ?"

ಹರದೇಶಿಯವರು ರೊಟ್ಟಿ ಮುರಿಯುತ್ತ ಅಂದರು: "ಇಪ್ಪತ್ತು ವರ್ಷದಿಂದ ಈಕಿ ಕೂಡ ಜಗಳಾಡೇನಿ. ಈಕಿ ಗದ್ದಂದ್ರ ನನಗ ಮುಂದಿನ ಜಾತ್ರಿಗೆ ಹೊಸಾ ಪದಾ ಕಟ್ಟು ಹುರುಪು ಬರತೈತಿ. ನೀವು ಕೆಳಗ ಕುಂತವರು ಬಡದಾಡತೀರಿ. ನಾವು ಮ್ಯಾಲ ನಿಂತು ನೋಡತೇವಿ. ಕೆಟ್ಟ ಅನಸತೈತಿ."

ನನ್ನ ಕೈ ನನಗೇ ಭಾರವಾಯಿತು.

ನಾವು ಮಾಡಿದ್ದೂ ಇದೇ

ಚಿತ್ರರಸಿಕ ಮಿತ್ರರೇ, ಹಳ್ಳಿಯ ಹಾಡಿನ ಕಥೆ ಸಿನಿಮಾ ಪತ್ರಿಕೆಯಲ್ಲಿ ಯಾಕೆ ಅಂತ ಕೇಳಬೇಡಿ. 1973ರ 'ಗಂಧದ ಗುಡಿ' ನೆನಪಿದೆಯೇ? ರಾಜಕುಮಾರ್ ಮತ್ತು ವಿಷ್ಣುವರ್ಧನ್ ಒಟ್ಟಿಗೆ ನಟಿಸಿದ ಚಿತ್ರ. ಅದೇ ಮೊದಲು, ಅದೇ ಕೊನೆ! ಅದಾದ ಮೇಲೆ ಅಭಿಮಾನಿಗಳಲ್ಲಿ ಎರಡು ಬಣ. ಪೋಸ್ಟರಿಗೆ ಸಗಣಿ, ಟಾಕೀಸಿನ ಮುಂದೆ ಕಲ್ಲು. 2006ರಲ್ಲಿ ಅಣ್ಣಾವ್ರು ಹೋದರು. 2009ರ ಕೊನೆಗೆ ವಿಷ್ಣು ಹೋದರು. ಇಬ್ಬರನ್ನೂ ಮತ್ತೆ ಒಂದೇ ಪರದೆಯ ಮೇಲೆ ನೋಡುವ ಭಾಗ್ಯ ಕನ್ನಡಿಗರಿಗೆ ಸಿಗಲೇ ಇಲ್ಲ. ನಷ್ಟ ಯಾರಿಗೆ? ಬಡಿದಾಡಿದ ನಮಗೇ!

ಅಮೆರಿಕದ ರ‍್ಯಾಪಿನಲ್ಲೂ ಇಂಥದೇ ಕಥೆ, ಇನ್ನೂ ಘೋರ. ಟೂಪಾಕ್ ಮತ್ತು ಬಿಗ್ಗಿ ಎಂಬ ಇಬ್ಬರು ಒಂದು ಕಾಲದಲ್ಲಿ ಗೆಳೆಯರು. ಆಮೇಲೆ ಪೂರ್ವ ಕರಾವಳಿ, ಪಶ್ಚಿಮ ಕರಾವಳಿ ಅಂತ ಬಣ. ಹಾಡಿನ ಜಗಳ ಬೀದಿಗೆ ಬಂತು. 1996ರ ಸೆಪ್ಟೆಂಬರಿನಲ್ಲಿ ಗುಂಡೇಟಿಗೆ ಟೂಪಾಕ್ ಸತ್ತ, ವಯಸ್ಸು 25. 1997ರ ಮಾರ್ಚಿನಲ್ಲಿ ಬಿಗ್ಗಿಯೂ ಗುಂಡೇಟಿಗೆ ಸತ್ತ, ವಯಸ್ಸು 24. ನಮ್ಮ ಹರದೇಶಿ ನಾಗೇಶಿಯವರು ಇಪ್ಪತ್ತು ವರ್ಷ ಬೈದಾಡಿ ಒಂದೇ ಬುತ್ತಿಯಲ್ಲಿ ಉಣ್ಣುತ್ತಾರೆ. ಯಾರು ದೊಡ್ಡ ಕಲಾವಿದರು ಅಂತ ನಾನು ಹೇಳುವುದಿಲ್ಲ. ಯಾರು ಬುದ್ಧಿವಂತರು ಅನ್ನುವುದು ಮಾತ್ರ ಗೊತ್ತಾಯಿತು.

ಈಗ ಕಾಲವೂ ನಮ್ಮ ಕಡೆಗೇ ತಿರುಗಿದೆ. ಫೋನು ಹಿಡಿದವನೇ ಕಂಪನಿ. ನಮ್ಮ ಬೆಳಗಾವಿ ಜಿಲ್ಲೆಯ ಮಾಳು ನಿಪನಾಳ 'ನಾ ಡ್ರೈವರಾ' ಹಾಡಿ 2025ರಲ್ಲಿ ಇಡೀ ರಾಜ್ಯವನ್ನು ಕುಣಿಸಿ, ಅದೇ ವರ್ಷ ಬಿಗ್ ಬಾಸ್ ಮನೆಯವರೆಗೂ ಹೋದದ್ದು ನೋಡಿದಿರಿ. ಜಾತ್ರೆಯ ಹಾಡಕಿಯೂ ಯೂಟ್ಯೂಬಿನಲ್ಲಿದೆ. ಆದರೆ ಅದರ ಕೆಳಗಿನ ಬೈಗುಳ ಓದಿದ್ದೀರಾ? ಆ ಸ್ಟಾರು, ಈ ಸ್ಟಾರು ಎಂದು ನಾವು ದಿನವೂ ಮೊಬೈಲಿನಲ್ಲಿ ಬೈದಾಡುವುದೂ ಅದೇ ಧಾಟಿ. ಪ್ರಾಸವೂ ಇಲ್ಲ, ಪುರಾಣವೂ ಇಲ್ಲ, ಬರೀ ಅಮ್ಮ, ಅಕ್ಕ! ಸವಾಲ್ ಹಾಕುವುದಾದರೆ ಹಾಡಿನಲ್ಲಿ ಹಾಕ್ರಪ್ಪ!

ಕೊನೆಗೆ...

ಹುಕ್ಕೇರಿಯಿಂದ ಬಸ್ಸು ಹತ್ತಿ ಗೋಕಾಕದಲ್ಲಿ ಇಳಿದೆ. ಅರ್ಧ ಕೆ.ಜಿ. ಕರದಂಟು ಕಟ್ಟಿಸಿಕೊಂಡೆ. ಅಂಗಡಿಯ ಮುಂದೆ ಹೋಗಿ ನಿಂತೆ. ಗೋಡೆಯ ಮೇಲೆ ಕಾಕಾನ ಫೋಟೋ, ಅದಕ್ಕೊಂದು ಹಾರ. ದೋಸ್ತ ತಲೆ ಎತ್ತಲಿಲ್ಲ. ಯಾರದೋ ಫೋನಿಗೆ ಗಾಜು ಕೂರಿಸುತ್ತಿದ್ದ.

"ತಪ್ಪಾತಲೇ," ಅಂದೆ. "ಕಾಕಾನ ಮಣ್ಣಿಗೂ ಬರಲಿಲ್ಲ ನಾ."

ಬಹಳ ಹೊತ್ತು ಮಾತಿಲ್ಲ. ಗಾಜು ಕೂರಿಸಿ ಮುಗಿಸಿದ. ಒರೆಸಿದ. ಆಮೇಲೆ ಕಾಲಿನಿಂದಲೇ ಸ್ಟೂಲನ್ನು ನನ್ನ ಕಡೆ ಸರಿಸಿದ.

"ಕುಂದರು," ಅಂದ. "ನಾ ಅಂದ ಮಾತೂ ತಪ್ಪ ಇತ್ತು. ಅಪ್ಪ ಅವತ್ತ ಬೈದಿದ್ದ... ಎರಡು ವರ್ಷ ಆತು, ಸವಾಲ್ ಹಾಕೋರಿಲ್ಲದ ನನ್ನ ಬಾಯಿ ತುಕ್ಕು ಹಿಡದೈತಿ."

ಚಹ ಬಂತು. ಕರದಂಟು ಕಾಕಾನ ಫೋಟೋದ ಮುಂದೆ ಇಟ್ಟು, ಆಮೇಲೆ ಇಬ್ಬರೂ ತಿಂದೆವು.

ಬರುವ ಜಾತ್ರೆಗೆ ಅದೇ ಎರಡು ಮೇಳಕ್ಕೆ ವೀಳ್ಯ ಹೋಗಿದೆ. ನಾವಿಬ್ಬರೂ ಒಂದೇ ಗಾಡಿಯಲ್ಲಿ ಹೋಗುತ್ತಿದ್ದೇವೆ. ಬಯಲಿನಲ್ಲಿ ಅವನು ಎಡಕ್ಕೆ ಕೂರುತ್ತಾನೆ, ನಾನು ಬಲಕ್ಕೆ. ಸಿಳ್ಳೆ ಜೋರಾಗಿಯೇ ಇರುತ್ತದೆ!