ರಮಜಾನಿನ ಉಪವಾಸವೂ ದೇಹಧರ್ಮವೂ

ಇಸ್ಲಾಂ ಧರ್ಮದ ಐದು ಸ್ತಂಭಗಳಲ್ಲಿ ಉಪವಾಸವೂ ಒಂದು. ರಮಜಾನ್ ತಿಂಗಳಲ್ಲಿ ಅರುಣೋದಯದಿಂದ ಸೂರ್ಯಾಸ್ತದವರೆಗೆ ಅನ್ನವನ್ನು ಮಾತ್ರವಲ್ಲದೆ ನೀರನ್ನೂ ವರ್ಜಿಸತಕ್ಕದ್ದೆಂಬುದು ಅದರ ನಿಯಮ. ಚಾಂದ್ರಮಾನ ವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಕಡಿಮೆಯಾದುದರಿಂದ ಈ ವ್ರತವು ಎಲ್ಲ ಋತುಗಳನ್ನೂ ಸುತ್ತಿಬರುವುದು. ಮೈಸೂರಿನಲ್ಲಿ ಅದರ ಅವಧಿ ಯಾವ ಋತುವಿನಲ್ಲಾದರೂ 13-14 ಗಂಟೆಗಳ ಆಸುಪಾಸಿನದು. ಲಂಡನ್ನಿನ ಬೇಸಗೆಯಲ್ಲಿ 18 ಗಂಟೆಗಳನ್ನೂ ಮೀರುವುದುಂಟು. ಇಷ್ಟು ಹೊತ್ತು ದೇಹವು ಯಾವುದರ ಬಲದಿಂದ ನಡೆಯುವುದೆಂಬುದನ್ನು ನಾವು ವಿಚಾರಮಾಡೋಣ.

ನಸುಕಿನ ಸಹರಿಯ ಊಟವು ಜೀರ್ಣವಾಗಿ ರಕ್ತಗತವಾಗುವ ಕೆಲವು ಗಂಟೆಗಳ ಕಾಲ ದೇಹಕ್ಕೆ ಉಪವಾಸದ ಅರಿವೇ ಇರುವುದಿಲ್ಲ. ಬಳಿಕ ರಕ್ತದ ಸಕ್ಕರೆ ತಗ್ಗತೊಡಗಿದೊಡನೆ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ರಸವನ್ನು ಕಡಿಮೆಮಾಡಿ ಗ್ಲೂಕಗಾನ್ ರಸವನ್ನು ಹೆಚ್ಚಿಸುವುದು. ಆಗ ಯಕೃತ್ತು ತಾನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿದ್ದ ಸಕ್ಕರೆಯನ್ನು, ಕಣಜ ತೆರೆದ ಗೃಹಸ್ಥನಂತೆ, ಅಳೆದಳೆದು ಹೊರಬಿಡುವುದು. ಕಣಜ ತುಂಬಿದ್ದಾಗ ಅದರಲ್ಲಿರುವುದು ಸುಮಾರು 100 ಗ್ರಾಂ. ಮಿದುಳೊಂದೇ ದಿನವೊಂದಕ್ಕೆ ಬೇಡುವುದು ಸುಮಾರು 120 ಗ್ರಾಂ. ಆದಕಾರಣ ಹೊತ್ತು ಏರಿದಂತೆ ಮಾಂಸಖಂಡಗಳು ಸಕ್ಕರೆಯನ್ನು ಮಿದುಳಿಗೆ ಬಿಟ್ಟುಕೊಟ್ಟು ತಾವು ಕೊಬ್ಬನ್ನು ಉರಿಸಿಕೊಳ್ಳುವುವು. ಕಣಜ ಪೂರ್ಣವಾಗಿ ಬರಿದಾಗುವುದರೊಳಗೆ ಇಫ್ತಾರಿನ ಖರ್ಜೂರ ಕೈಗೆ ಬಂದಿರುವುದು.

ನೀರಿಗೆ ಇಂತಹ ಕಣಜವಿಲ್ಲ. ಮೂತ್ರಪಿಂಡಗಳು ಮೂತ್ರವನ್ನು ಗಾಢಮಾಡಿ ನೀರನ್ನು ಉಳಿಸಬಲ್ಲುವು, ಬೆವರನ್ನು ತಡೆಯಲಾರವು. ಅಪರಾಹ್ನದ ತಲೆನೋವಿಗೆ ನೀರಿನ ಈ ಕೊರತೆಯೂ ನಿದ್ರಾಭಂಗವೂ ತಪ್ಪಿದ ಕಾಫಿಯೂ ಕಾರಣಗಳು. ಆರೋಗ್ಯವಂತರಲ್ಲಿ ಇವೆಲ್ಲ ರಾತ್ರಿಯೇ ಸರಿಹೋಗುವುವು.

ಮಧುಮೇಹಿಯ ಸ್ಥಿತಿ ಬೇರೆ. ಆತನು ಚುಚ್ಚಿಸಿಕೊಂಡ ಇನ್ಸುಲಿನ್ನಿಗೂ ನುಂಗಿದ ಕೆಲವು ಗುಳಿಗೆಗಳಿಗೂ ಉಪವಾಸದ ಅರಿವಿಲ್ಲ. ಅವು ಸಕ್ಕರೆಯನ್ನು ಇಳಿಸುತ್ತಲೇ ಇರುವುವು. 2001ರಲ್ಲಿ 13 ದೇಶಗಳ 12,000ಕ್ಕೂ ಮಿಕ್ಕ ಮಧುಮೇಹಿಗಳನ್ನು ಕುರಿತು ನಡೆದ ‘ಎಪಿಡಯಾರ್’ ಸಮೀಕ್ಷೆಯಲ್ಲಿ, ಎರಡನೆಯ ಬಗೆಯ ಮಧುಮೇಹವುಳ್ಳವರಲ್ಲಿ ಸಕ್ಕರೆ ಅಪಾಯಕರವಾಗಿ ಕುಸಿಯುವ ಪ್ರಸಂಗಗಳು ರಮಜಾನಿನಲ್ಲಿ ಏಳೂವರೆ ಮಡಿಯಾದುವೆಂದು ಕಂಡುಬಂದಿತು.

ರೋಗಿಗೂ ಪ್ರಯಾಣಿಕನಿಗೂ ಕುರಾನಿನ ಎರಡನೆಯ ಅಧ್ಯಾಯವೇ ವಿನಾಯಿತಿಯನ್ನಿತ್ತಿದೆ. ತಪ್ಪಿದ ದಿನಗಳನ್ನು ಮುಂದೆ ತುಂಬಿಕೊಳ್ಳಬಹುದು. ಆದರೂ ಆ ಸಮೀಕ್ಷೆಯ ಎರಡನೆಯ ಬಗೆಯ ರೋಗಿಗಳಲ್ಲಿ ನೂರಕ್ಕೆ 79 ಮಂದಿ ಕನಿಷ್ಠ 15 ದಿನ ಉಪವಾಸವಿದ್ದರು. ಶ್ರದ್ಧೆಯನ್ನು ಗದರಿಸಿ ಫಲವಿಲ್ಲ. ರಮಜಾನಿಗೆ ಆರೆಂಟು ವಾರ ಮುಂಚೆಯೇ ವೈದ್ಯರನ್ನು ಕಂಡು, ಉಪವಾಸ ತಕ್ಕುದೇ ಎಂಬುದನ್ನು ಕೇಳಿ, ಔಷಧದ ಅಳತೆಯನ್ನೂ ವೇಳೆಯನ್ನೂ ಗೊತ್ತುಮಾಡಿಕೊಳ್ಳುವುದು ಲೇಸು. ನೂರು ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ, ಸೂರ್ಯಾಸ್ತಕ್ಕೆ ಕೆಲವೇ ನಿಮಿಷಗಳು ಉಳಿದಿದ್ದರೂ ಒಡನೆಯೇ ಉಪವಾಸವನ್ನು ಬಿಡತಕ್ಕದ್ದು.