ಗಟ್ಟಿಮರ, ಮೃದುಮರ: ಕೋಶಗಳು ಹೇಳುವ ಭೇದ

ಸ್ಟಾಕ್‌ಹೋಮ್ ನಗರದ ಕಿಸ್ಟಾದಲ್ಲಿರುವ ನಮ್ಮ ಮನೆಯಲ್ಲಿ ಊರಿನಿಂದ ತಂದ ತೇಗದ ಮಣೆಯೊಂದಿದೆ. ಅದರಡಿಯ ನೆಲ ಇಲ್ಲಿಯ ಪೈನ್ ಹಲಗೆಯದು. ಮರದ ವ್ಯಾಪಾರದಲ್ಲಿ ತೇಗ ಗಟ್ಟಿಮರ, ಪೈನ್ ಮೃದುಮರ. ಆದರೆ ಈ ಹೆಸರುಗಳು ಗಡಸುತನವನ್ನು ಅಳೆಯುವುದಿಲ್ಲ. ಉಗುರಿಗೂ ಗೀರು ಬೀಳುವ ಬಾಲ್ಸಾ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಗಟ್ಟಿಮರ; ಬಿಲ್ಲುಗಳಿಗೆ ಹೆಸರಾದ ಯೂ ಮೃದುಮರ. ಹೂ ಬಿಡುವ ಅಗಲ ಎಲೆಯ ಮರಗಳು ಮೊದಲ ಗುಂಪಿನವು. ಪೈನ್, ಸ್ಪ್ರೂಸ್‌ಗಳಂಥ ಸೂಚಿಪರ್ಣಿಗಳು ಎರಡನೆಯದಕ್ಕೆ ಸೇರಿದವು. ನಿಜವಾದ ಭೇದ ತೋರುವುದು ಸೂಕ್ಷ್ಮದರ್ಶಕದಡಿಯಲ್ಲಿ.

ಪೈನ್ ಮರದ ಶೇಕಡ 90ಕ್ಕೂ ಹೆಚ್ಚು ಭಾಗ ಒಂದೇ ಬಗೆಯ ಕೋಶಗಳಿಂದಾದುದು. ಅದರ ಹೆಸರು ಟ್ರೇಕೀಡ್. ಸುಮಾರು 3 ಮಿ.ಮೀ. ಉದ್ದದ, 30 ಮೈಕ್ರಾನ್ ಅಗಲದ, ಎರಡೂ ತುದಿ ಮುಚ್ಚಿದ ಈ ನಳಿಕೆಯೇ ನೀರನ್ನೂ ಸಾಗಿಸುತ್ತದೆ, ಮರದ ಭಾರವನ್ನೂ ಹೊರುತ್ತದೆ. ನೀರು ಕೋಶದಿಂದ ಕೋಶಕ್ಕೆ ದಾಟುವುದು ಪಕ್ಕದ ಗೋಡೆಯ ಕಿರುಗುಳಿಗಳ ಮೂಲಕ.

ತೇಗದಲ್ಲಿ ಈ ಎರಡು ಕೆಲಸಗಳು ಹಂಚಿಹೋಗಿವೆ. ಭಾರ ಹೊರಲು ಸುಮಾರು 1 ಮಿ.ಮೀ. ಉದ್ದದ ನಾರುಗಳಿವೆ. ನೀರು ಸಾಗಿಸಲು, ತುದಿಗೋಡೆ ಕರಗಿ ಒಂದರ ಮೇಲೊಂದು ಕೂಡಿದ ಕೋಶಗಳ ವಾಹಿನಿಗಳಿವೆ. ಬೆಳವಣಿಗೆಯ ಋತು ಆರಂಭವಾದಾಗ ಮೂಡುವ ವಾಹಿನಿಗಳು ಬಹಳ ಅಗಲ. ಮಣೆಯ ಅಡ್ಡಕೊಯ್ತದಲ್ಲಿ ಅವು ಬರಿಗಣ್ಣಿಗೇ ರಂಧ್ರಗಳ ಸಾಲಾಗಿ ಕಾಣುತ್ತವೆ.

ವೈದ್ಯನಾದ ನನಗೆ ಇಲ್ಲಿ ರಕ್ತನಾಳಗಳ ನೆನಪಾಗುತ್ತದೆ. 19ನೆಯ ಶತಮಾನದ ಫ್ರೆಂಚ್ ವೈದ್ಯ ಪ್ವಾಸೆಯ್ ತೋರಿಸಿಕೊಟ್ಟಂತೆ, ಉಳಿದುದೆಲ್ಲ ಸಮನಾಗಿದ್ದು ನಳಿಕೆಯ ತ್ರಿಜ್ಯ ಇಮ್ಮಡಿಯಾದರೆ ಹರಿವು 16 ಪಟ್ಟಾಗುತ್ತದೆ. ಹಾಗಿದ್ದರೆ ಪೈನ್ ಇಷ್ಟು ಸಣ್ಣ ನಳಿಕೆಗಳನ್ನೇ ಏಕೆ ನೆಚ್ಚಿಕೊಂಡಿದೆ?

ಉತ್ತರ ಇಲ್ಲಿಯ ಚಳಿಗಾಲದಲ್ಲಿದೆ. ಮರದೊಳಗಿನ ನೀರು ಹೆಪ್ಪುಗಟ್ಟಿದಾಗ ಅದರಲ್ಲಿ ಕರಗಿದ್ದ ಗಾಳಿ ಗುಳ್ಳೆಗಳಾಗಿ ಬೇರ್ಪಡುತ್ತದೆ. ಹೆಪ್ಪು ಕರಗಿದಾಗ ಅಗಲ ವಾಹಿನಿಯ ದೊಡ್ಡ ಗುಳ್ಳೆ ಹಿಗ್ಗಿ ನೀರಿನ ಎಳೆಯನ್ನು ತುಂಡರಿಸಬಲ್ಲದು. ರಕ್ತನಾಳಕ್ಕೆ ಗಾಳಿ ಹೊಕ್ಕರೆ ಒದಗುವಂಥದೇ ಅಪಾಯವಿದು. ಟ್ರೇಕೀಡಿನ ಪುಟ್ಟ ಗುಳ್ಳೆ ಮರಳಿ ನೀರಿನಲ್ಲಿ ಕರಗುತ್ತದೆ. ಒಂದು ಕೋಶದಲ್ಲಿ ಗಾಳಿ ತುಂಬಿದರೂ ಗುಳಿಯ ನಡುವಿನ ಬಿಲ್ಲೆ ಪಕ್ಕಕ್ಕೆ ಸರಿದು ಕವಾಟದಂತೆ ದಾರಿಯನ್ನು ಮುಚ್ಚುತ್ತದೆ. ನೆರೆಯ ಕೋಶ ಉಳಿದುಕೊಳ್ಳುತ್ತದೆ. ಹರಿವಿನ ವೇಗವನ್ನು ಬಿಟ್ಟುಕೊಟ್ಟು ಪೈನ್ ಸುರಕ್ಷೆಯನ್ನು ಪಡೆದಿದೆ.

ಗಟ್ಟಿಮರವೇ ಆದ ಬರ್ಚ್ ಇಲ್ಲಿ ಬದುಕುವ ಬಗೆ ಬೇರೆ. ಅದು ಚಳಿಗೆ ಎಲೆ ಉದುರಿಸಿ, ವಸಂತದಲ್ಲಿ ಬೇರಿನ ಒತ್ತಡದಿಂದ ವಾಹಿನಿಗಳನ್ನು ಮತ್ತೆ ತುಂಬಿಕೊಳ್ಳುತ್ತದೆ. ಸ್ವೀಡನ್ನಿನಲ್ಲಿ ಕಾಂಡ ಕೊರೆದು ಇಳಿಸಿ ಕುಡಿಯುವ ಬರ್ಚ್ ರಸ ಆ ಏರುನೀರೇ.

ನಿಮ್ಮ ಮನೆಯ ಮರದ ತುಂಡೊಂದರ ತುದಿಯನ್ನು ಹರಿತವಾದ ಬ್ಲೇಡಿನಿಂದ ನಯವಾಗಿ ಕೊಯ್ದು, 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. ಪ್ರತಿ ಉಂಗುರದಲ್ಲೂ ರಂಧ್ರಗಳು ತುಂಬಿದ್ದರೆ ಅದು ಗಟ್ಟಿಮರ. ಪೈನ್‌ನಲ್ಲಿ ಅಲ್ಲೊಂದು ಇಲ್ಲೊಂದು ತೋರುವ ಚುಕ್ಕೆಗಳು ರಾಳದ ನಾಳಗಳು. ಅವನ್ನು ನೀರಿನ ವಾಹಿನಿಗಳೆಂದು ತಿಳಿಯಬಾರದು.